ಗಾಡಿ ತಡವಾದರೆ ಕೇಳುವುದು ನಮ್ಮ ಹಕ್ಕು

ಹುಬ್ಬಳ್ಳಿ-ಧಾರವಾಡದ ಮನೆಗಳಿಗೂ ರೈಲಿಗೂ ಹಳೆಯ ನಂಟು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಅಮ್ಮಿಯನ್ನು ತೋರಿಸಬೇಕು, ಮೀರಜ್‌ನ ವೈದ್ಯರ ಬಳಿ ಹೋಗಬೇಕು, ಮುಂಬೈಯಲ್ಲಿ ನಾದಿನಿಯ ಮಗಳ ನಿಕಾಹ್ ಇದೆ, ಮಗನಿಗೆ ಸಂದರ್ಶನ ಇದೆ, ಉಮ್ರಾಕ್ಕೆ ಹೊರಟ ಅತ್ತೆ-ಮಾವನನ್ನು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಮುಟ್ಟಿಸಬೇಕು. ಎಲ್ಲದಕ್ಕೂ ನಾವು ಮೊದಲು ನೋಡುವುದು ರೈಲಿನ ವೇಳಾಪಟ್ಟಿಯನ್ನೇ. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಎಬ್ಬಿಸಿಕೊಂಡು ನಿಲ್ದಾಣಕ್ಕೆ ಬಂದರೆ ಫಲಕದಲ್ಲಿ ಗಾಡಿ ನಾಲ್ಕು ಗಂಟೆ ತಡ ಎಂದು ಬರೆದಿರುತ್ತದೆ. ಕೆಲವೊಮ್ಮೆ ರದ್ದು ಎಂದೇ ಇರುತ್ತದೆ.

ಆಗ ನಾವು ಏನು ಮಾಡುತ್ತೇವೆ? "ಏನ್ ಮಾಡೂದ್ರಿ, ನಮ್ಮ ನಸೀಬು" ಎನ್ನುತ್ತೇವೆ. ಬಾಡಿಗೆ ಕಾರಿಗೆ ಸಾವಿರಗಟ್ಟಲೆ ಸುರಿಯುತ್ತೇವೆ. ಟಿಕೆಟನ್ನು ಪರ್ಸಿನಲ್ಲೇ ಇಟ್ಟುಕೊಂಡು ಮರೆತುಬಿಡುತ್ತೇವೆ. ವಾರ ಕಳೆದ ಮೇಲೆ ಯಾರೋ "ಆ ದುಡ್ಡು ವಾಪಸ್ ಬರ್ತಿತ್ತಲ್ರೀ" ಎಂದಾಗ ಕೈ ಕೈ ಹಿಸುಕಿಕೊಳ್ಳುತ್ತೇವೆ.

ಸೋದರಿಯರೇ, ಸಹನೆ ಒಳ್ಳೆಯ ಗುಣ, ಆದರೆ ನ್ಯಾಯವಾಗಿ ಬರಬೇಕಾದ ಹಣವನ್ನು ಗೊತ್ತಿಲ್ಲದ ಕಾರಣಕ್ಕೆ ಬಿಟ್ಟುಕೊಡುವುದನ್ನು ಸಹನೆ ಎನ್ನಲಾಗದು. ಮನೆಯ ಖರ್ಚನ್ನು ರೂಪಾಯಿ ರೂಪಾಯಿ ಲೆಕ್ಕ ಹಾಕಿ ತೂಗಿಸುವವರು ನೀವು. ಆದ್ದರಿಂದ ಈ ವಿಷಯವನ್ನು ತಿಳಿದುಕೊಳ್ಳಬೇಕಾದವರೂ ನೀವೇ.

ಎರಡು ಹಣ, ಎರಡು ದಾರಿ

ಮೊದಲು ಒಂದು ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಪ್ರಯಾಣ ಕೆಟ್ಟಾಗ ನಾವು ಕೇಳಬಹುದಾದ ಹಣದಲ್ಲಿ ಎರಡು ಬಗೆ. ಒಂದು, ನಾವು ಕೊಟ್ಟ ಟಿಕೆಟ್ ಹಣ. ಇನ್ನೊಂದು, ಗಾಡಿ ತಡವಾದ್ದರಿಂದ ನಮಗೆ ಆದ ನಷ್ಟಕ್ಕೆ ಪರಿಹಾರ. ಎರಡಕ್ಕೂ ದಾರಿ ಬೇರೆ, ಗಡುವು ಬೇರೆ. ಟಿಕೆಟ್ ಹಣದ ಗಡುವು ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಪರಿಹಾರ ಕೇಳಲು ಎರಡು ವರ್ಷ ಸಮಯವಿದೆ. ಹೆಚ್ಚಿನವರು ಹಣ ಕಳೆದುಕೊಳ್ಳುವುದು ಈ ವ್ಯತ್ಯಾಸ ಗೊತ್ತಿಲ್ಲದೆ.

ಯುರೋಪಿನ ದೇಶಗಳಲ್ಲಿ ರೈಲು ಒಂದು ಗಂಟೆ ತಡವಾದರೆ ಟಿಕೆಟ್ ದರದ ಕಾಲು ಭಾಗ, ಎರಡು ಗಂಟೆ ಅಥವಾ ಹೆಚ್ಚು ತಡವಾದರೆ ಅರ್ಧ ಭಾಗವನ್ನು ಪ್ರಯಾಣಿಕರಿಗೆ ಕೊಡಬೇಕೆಂಬ ನಿಯಮವಿದೆ. ನಮ್ಮ ದೇಶದಲ್ಲಿ ಅಂಥ ಸಿದ್ಧ ದರಪಟ್ಟಿ ಇಲ್ಲ. 2019ರಲ್ಲಿ ಐಆರ್‌ಸಿಟಿಸಿ ಸಂಸ್ಥೆ ತಾನು ನಡೆಸುವ ತೇಜಸ್ ಗಾಡಿಗಳಲ್ಲಿ ಒಂದು ಗಂಟೆ ಮೀರಿ ತಡವಾದರೆ 100 ರೂಪಾಯಿ, ಎರಡು ಗಂಟೆ ಮೀರಿದರೆ 250 ರೂಪಾಯಿ ಕೊಡುವ ಪದ್ಧತಿ ತಂದಿತ್ತು. 2024ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಹಾಗೆಂದು ನಮಗೆ ಏನೂ ಇಲ್ಲ ಎಂದು ತಿಳಿಯಬೇಡಿ. ಇದೆ, ಆದರೆ ಕೇಳಿದವರಿಗೆ ಮಾತ್ರ.

ಟಿಕೆಟ್ ಹಣ: ಗಾಡಿ ಹೊರಡುವ ಮುನ್ನವೇ ಕೇಳಿ

ನೀವು ಹತ್ತುವ ನಿಲ್ದಾಣದಲ್ಲಿ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿದ್ದು, ನೀವು ಪ್ರಯಾಣ ಮಾಡದಿರಲು ತೀರ್ಮಾನಿಸಿದರೆ, ಟಿಕೆಟಿನ ಪೂರ್ತಿ ಹಣ ವಾಪಸ್ ಸಿಗಬೇಕು. ಒಂದು ಪೈಸೆಯೂ ಕಡಿತವಿಲ್ಲ. ಖಚಿತ ಟಿಕೆಟ್, ಆರ್‌ಎಸಿ, ವೇಟಿಂಗ್ ಲಿಸ್ಟ್ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ತತ್ಕಾಲ್ ಟಿಕೆಟನ್ನು ನಾವಾಗಿ ರದ್ದು ಮಾಡಿದರೆ ಹಣ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಗಾಡಿಯೇ ಮೂರು ಗಂಟೆ ಮೀರಿ ತಡವಾದಾಗ ತತ್ಕಾಲ್ ಟಿಕೆಟಿಗೂ ಪೂರ್ತಿ ಹಣ ಸಿಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಷರತ್ತು ಒಂದೇ. ತಡವಾದ ಆ ಗಾಡಿ ನಿಜವಾಗಿ ನಿಮ್ಮ ನಿಲ್ದಾಣದಿಂದ ಹೊರಡುವ ಮೊದಲೇ ನೀವು ಕೇಳಿರಬೇಕು. ಕೌಂಟರಿನಲ್ಲಿ ಕೊಂಡ ಟಿಕೆಟಾದರೆ ಅದನ್ನು ಕೌಂಟರಿಗೆ ಒಪ್ಪಿಸಬೇಕು. ಕೌಂಟರ್ ಮುಚ್ಚಿದ್ದರೆ ಸುಮ್ಮನೆ ಮನೆಗೆ ಹೋಗಬೇಡಿ. ಸ್ಟೇಷನ್ ಮಾಸ್ತರರನ್ನು ಕಂಡು ವಿಷಯ ಹೇಳಿ, ಟಿಡಿಆರ್ ಕೇಳಿ. ಟಿಡಿಆರ್ ಎಂದರೆ ಟಿಕೆಟ್ ಒಪ್ಪಿಸಿದ್ದಕ್ಕೆ ಸಿಗುವ ರಸೀದಿ. ಮೊಬೈಲಿನಲ್ಲಿ ಮಾಡಿಸಿದ ಇ-ಟಿಕೆಟಾದರೆ ಐಆರ್‌ಸಿಟಿಸಿ ಆ್ಯಪ್ ಅಥವಾ ವೆಬ್‌ಸೈಟಿನಲ್ಲೇ ಟಿಡಿಆರ್ ಸಲ್ಲಿಸಬೇಕು. ಅಲ್ಲಿ ಕಾರಣಗಳ ಪಟ್ಟಿ ಇರುತ್ತದೆ. 'ಗಾಡಿ ಮೂರು ಗಂಟೆಗಿಂತ ಹೆಚ್ಚು ತಡ, ಪ್ರಯಾಣಿಕರು ಪ್ರಯಾಣಿಸಿಲ್ಲ' ಎಂಬ ಅರ್ಥದ ಕಾರಣವನ್ನು ಆರಿಸಬೇಕು. ಗಾಡಿ ಹೊರಟು ಹತ್ತು ನಿಮಿಷವಾದ ಮೇಲೆ ನೆನಪಾದರೆ ಈ ಹಕ್ಕು ಹೋಯಿತೆಂದೇ ತಿಳಿಯಿರಿ.

ಇಲ್ಲೊಂದು ಸೂಕ್ಷ್ಮವಿದೆ. ಮೂರು ಗಂಟೆಯ ಲೆಕ್ಕ ನೀವು ಹತ್ತುವ ನಿಲ್ದಾಣದ್ದು. ಧಾರವಾಡದಲ್ಲಿ ಹತ್ತುವವರಿಗೆ ಧಾರವಾಡದ ಹೊರಡುವ ವೇಳೆ. ಹುಬ್ಬಳ್ಳಿಯಿಂದ ಸರಿಯಾದ ಹೊತ್ತಿಗೆ ಹೊರಟ ಗಾಡಿ ದಾರಿಯಲ್ಲಿ ನಿಂತು ಬೆಂಗಳೂರಿಗೆ ಐದು ಗಂಟೆ ತಡವಾಗಿ ಮುಟ್ಟಿದರೆ ಈ ನಿಯಮದಡಿ ಟಿಕೆಟ್ ಹಣ ಬರುವುದಿಲ್ಲ. ಅಲ್ಲಿಗೆ ಎರಡನೆಯ ದಾರಿ ಬೇಕಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಗಾಡಿಯೇ ರದ್ದಾದರೆ

ರೈಲ್ವೆಯೇ ಗಾಡಿಯನ್ನು ಪೂರ್ತಿ ರದ್ದು ಮಾಡಿದರೆ ಇ-ಟಿಕೆಟಿನ ಹಣ ತಾನಾಗಿಯೇ ಖಾತೆಗೆ ಬರುತ್ತದೆ. ಕೌಂಟರ್ ಟಿಕೆಟಾದರೆ ಗಾಡಿ ಹೊರಡಬೇಕಿದ್ದ ವೇಳೆಯಿಂದ ಮೂರು ದಿನಗಳೊಳಗೆ ಒಪ್ಪಿಸಿ ಹಣ ಪಡೆಯಬೇಕು. ಈ ಮೂರು ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ನಮ್ಮ ಭಾಗದಲ್ಲಿ ಮಳೆಗಾಲದಲ್ಲಿ ಇದು ಹೊಸದೇನಲ್ಲ. ಹುಬ್ಬಳ್ಳಿಯಿಂದ ಲೋಂಡಾ ದಾಟಿ ಗೋವಾಕ್ಕೆ ಇಳಿಯುವ ಘಟ್ಟದ ಹಳಿಯಲ್ಲಿ 2021ರ ಜುಲೈ 23ರಂದು ಗುಡ್ಡ ಕುಸಿದು, ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ಗಾಡಿ ದೂಧಸಾಗರ ಮತ್ತು ಸೋನಾಲಿಂ ನಿಲ್ದಾಣಗಳ ನಡುವೆ ಹಳಿ ತಪ್ಪಿತ್ತು. 2024ರ ಆಗಸ್ಟ್‌ನಲ್ಲಿ ಅದೇ ಭಾಗದಲ್ಲಿ ಸರಕು ಗಾಡಿ ಹಳಿ ತಪ್ಪಿ ಹಲವು ಗಾಡಿಗಳು ರದ್ದಾದವು. ಅದೇ ವರ್ಷ ಜುಲೈ ಕೊನೆಗೆ ಸಕಲೇಶಪುರದ ಬಳಿ ಎಡಕುಮೇರಿ-ಕಡಗರವಳ್ಳಿ ನಡುವೆ ಮಣ್ಣು ಕುಸಿದು ಬೆಂಗಳೂರು-ಮಂಗಳೂರು ನಡುವಿನ ರೈಲು ಸಂಚಾರ ಹಲವು ದಿನ ನಿಂತಿತ್ತು.

ಇಂಥ ಸಂದರ್ಭದಲ್ಲಿ ನಡುದಾರಿಯಲ್ಲೇ ಪ್ರಯಾಣ ನಿಂತುಹೋದರೆ ಏನು ಗತಿ? ಪ್ರವಾಹ, ಕುಸಿತ, ಅಪಘಾತ ಯಾವುದೇ ಇರಲಿ, ರೈಲ್ವೆಗೆ ನಿಮ್ಮನ್ನು ಊರು ಮುಟ್ಟಿಸಲು ಆಗದಿದ್ದರೆ ಇಡೀ ಪ್ರಯಾಣದ ಹಣವನ್ನು ಕಡಿತವಿಲ್ಲದೆ ಹಿಂದಿರುಗಿಸಬೇಕು. ಬಸ್ಸು ಅಥವಾ ಬೇರೆ ಗಾಡಿಯ ವ್ಯವಸ್ಥೆ ಮಾಡಿಕೊಟ್ಟೂ ನೀವು ಬೇಡವೆಂದರೆ, ಪ್ರಯಾಣಿಸಿದಷ್ಟು ದೂರದ ಹಣ ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕು.

ಎರಡು ಗಾಡಿ ಬದಲಿಸಿ ಹೋಗುವವರಿಗೆ ಇನ್ನೊಂದು ಅನುಕೂಲವಿದೆ. ಟಿಕೆಟ್ ಮಾಡಿಸುವಾಗ ಎರಡೂ ಪಿಎನ್‌ಆರ್ ಸಂಖ್ಯೆಗಳನ್ನು ಜೋಡಿಸಿಕೊಳ್ಳಬಹುದು. 2019ರ ಏಪ್ರಿಲ್‌ನಿಂದ ಈ ಸೌಲಭ್ಯ ಇದೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿಹೋದರೆ, ಮೊದಲ ಗಾಡಿ ಬಂದು ಮುಟ್ಟಿದ ಮೂರು ಗಂಟೆಯೊಳಗೆ ಕೇಳಿದರೆ ಎರಡನೆಯ ಟಿಕೆಟಿನ ಹಣ ಪೂರ್ತಿ ಸಿಗುತ್ತದೆ. ಮೊದಲ ಗಾಡಿ ಇಳಿಯುವ ನಿಲ್ದಾಣವೂ ಎರಡನೆಯದು ಹತ್ತುವ ನಿಲ್ದಾಣವೂ ಹೊಂದಿಕೆಯಾಗಿರಬೇಕು, ಹೆಸರುಗಳೂ ಒಂದೇ ಆಗಿರಬೇಕು.

ಹಣ ಯಾರ ಖಾತೆಗೆ ಬರುತ್ತದೆ?

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಟಿಕೆಟ್ ಮಾಡಿಸುವವರು ಬೇರೆ, ಪ್ರಯಾಣಿಸುವವರು ಬೇರೆ. ಅಣ್ಣನ ಮಗ ಮೊಬೈಲಿನಲ್ಲಿ ಮಾಡಿಸಿರುತ್ತಾನೆ, ಇಲ್ಲವೇ ಓಣಿಯ ಏಜೆಂಟರು ಮಾಡಿಕೊಟ್ಟಿರುತ್ತಾರೆ. ಯಾವ ಖಾತೆಯಿಂದ ಹಣ ಹೋಗಿತ್ತೋ ಅದೇ ಖಾತೆಗೆ ವಾಪಸ್ ಬರುತ್ತದೆ. ಅಣ್ಣನ ಮಗನಿಗೆ ಹೇಳದೆ ಇದ್ದರೆ ಅವನಿಗೂ ತಿಳಿಯದು. ಏಜೆಂಟರ ಬಳಿ ಮಾಡಿಸುವಾಗ ಅವರ ನಂಬರ್ ಬೇಡ, ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ರದ್ದತಿಯ ಹಣಕ್ಕೆ ಸಂಬಂಧಿಸಿದ ಒಟಿಪಿ ಆ ನಂಬರಿಗೇ ಬರುತ್ತದೆ. ಬೇರೆ ಯಾರದೋ ಹೆಸರಿನ ಟಿಕೆಟಿನಲ್ಲಿ ಪ್ರಯಾಣ ಮಾಡುವ ಸಾಹಸಕ್ಕೆ ಹೋಗಬೇಡಿ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಏನಾದರೂ ಆದಾಗ ಕೇಳಲು ಬಾಯಿಯೇ ಇರುವುದಿಲ್ಲ.

ನಷ್ಟಕ್ಕೆ ಪರಿಹಾರ: ಸುಪ್ರೀಂ ಕೋರ್ಟ್ ಹೇಳಿದ್ದೇನು?

ಈಗ ಎರಡನೆಯ ದಾರಿಗೆ ಬರೋಣ. ಗಾಡಿ ತಡವಾಗಿ ಮುಟ್ಟಿದ್ದರಿಂದ ವಿಮಾನ ತಪ್ಪಿತು, ಪರೀಕ್ಷೆ ತಪ್ಪಿತು, ಟ್ಯಾಕ್ಸಿಗೆ ಹಣ ತೆತ್ತಿರಿ. ಟಿಕೆಟ್ ಹಣಕ್ಕಿಂತ ಎಷ್ಟೋ ಪಟ್ಟು ದೊಡ್ಡ ನಷ್ಟ ಇದು. ಇದಕ್ಕೆ ಯಾರು ಹೊಣೆ?

ಈ ಪ್ರಶ್ನೆಗೆ 2021ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಉತ್ತರ ಕೊಟ್ಟಿದೆ. ರಾಜಸ್ಥಾನದ ಒಂದು ಕುಟುಂಬ 2016ರ ಜೂನ್‌ನಲ್ಲಿ ಅಜ್ಮೇರ್-ಜಮ್ಮು ಎಕ್ಸ್‌ಪ್ರೆಸ್ ಗಾಡಿಯಲ್ಲಿ ಹೊರಟಿತ್ತು. ಗಾಡಿ ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಜಮ್ಮು ಮುಟ್ಟಬೇಕಿತ್ತು. ಮಧ್ಯಾಹ್ನ 12ಕ್ಕೆ ಅಲ್ಲಿಂದ ಶ್ರೀನಗರಕ್ಕೆ ವಿಮಾನ. ಗಾಡಿ ಸುಮಾರು ನಾಲ್ಕು ಗಂಟೆ ತಡವಾಯಿತು, ವಿಮಾನ ತಪ್ಪಿತು. ಅವರು ಟ್ಯಾಕ್ಸಿ ಮಾಡಿಕೊಂಡು ಶ್ರೀನಗರಕ್ಕೆ ಹೋಗಬೇಕಾಯಿತು. ಊರಿಗೆ ಮರಳಿ ಆಲ್ವಾರ್ ಜಿಲ್ಲಾ ಗ್ರಾಹಕ ವೇದಿಕೆಗೆ ದೂರು ಕೊಟ್ಟರು. ವೇದಿಕೆ ಟ್ಯಾಕ್ಸಿ ಖರ್ಚಿಗೆ 15,000, ಬುಕಿಂಗ್ ಖರ್ಚಿಗೆ 10,000, ಮನಸ್ಸಿಗೆ ಆದ ನೋವಿಗೆ 5,000 ಮತ್ತು ದಾವೆಯ ಖರ್ಚಿಗೆ 5,000 ರೂಪಾಯಿ ಕೊಡಲು ರೈಲ್ವೆಗೆ ಆದೇಶಿಸಿತು. ರೈಲ್ವೆ ಮೇಲಿಂದ ಮೇಲೆ ಮೇಲ್ಮನವಿ ಹೋಗಿ ಕೊನೆಗೆ ಸುಪ್ರೀಂ ಕೋರ್ಟಿನಲ್ಲೂ ಸೋತಿತು.

ರೈಲ್ವೆಯ ವಾದ ಏನಾಗಿತ್ತು ಗೊತ್ತೇ? ಗಾಡಿ ತಡವಾದರೆ ತಾನು ಹೊಣೆಯಲ್ಲ ಎಂದು ತನ್ನ ದರ ನಿಯಮಗಳ ಪುಸ್ತಕದಲ್ಲೇ ಬರೆದಿದೆ ಎಂಬುದು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ತಡಕ್ಕೆ ಕಾರಣ ಏನು, ಅದು ತನ್ನ ಕೈಮೀರಿದ್ದಾಗಿತ್ತೇ ಎಂಬುದನ್ನು ರೈಲ್ವೆಯೇ ಸಾಕ್ಷ್ಯ ಕೊಟ್ಟು ತೋರಿಸಬೇಕು, ತೋರಿಸದಿದ್ದರೆ ಪರಿಹಾರ ಕೊಡಲೇಬೇಕು ಎಂದಿತು. ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಅನಿರುದ್ಧ ಬೋಸ್ ಅವರ ಪೀಠ ಕೊಟ್ಟ ಈ ತೀರ್ಪು ನಮ್ಮಂಥ ಸಾಮಾನ್ಯರಿಗೆ ದೊಡ್ಡ ಬಲ. ಗಾಡಿ ಏಕೆ ತಡವಾಯಿತು ಎಂದು ಸಾಬೀತು ಮಾಡುವ ಭಾರ ನಿಮ್ಮ ತಲೆಯ ಮೇಲಿಲ್ಲ.

ಕೇರಳದ ಇನ್ನೊಂದು ಪ್ರಕರಣ ಹುಬ್ಬಳ್ಳಿಯವರಿಗೆ ಇನ್ನೂ ಹತ್ತಿರದ್ದು. 2018ರ ಮೇ 6ರಂದು ಚೆನ್ನೈ-ಆಲಪ್ಪುಳ ಎಕ್ಸ್‌ಪ್ರೆಸ್ ಗಾಡಿ 13 ಗಂಟೆ ತಡವಾಯಿತು. ಒಬ್ಬ ಪ್ರಯಾಣಿಕರು ಕಂಪೆನಿಯ ಮುಖ್ಯ ಸಭೆಯನ್ನು ತಪ್ಪಿಸಿಕೊಂಡರು. ಯಾರ್ಡಿನಲ್ಲಿ ಕಾಮಗಾರಿ ನಡೆಯುತ್ತಿತ್ತು ಎಂಬುದು ರೈಲ್ವೆಯ ಸಬೂಬು. ಕಾಮಗಾರಿ ಮೊದಲೇ ಗೊತ್ತಿತ್ತಲ್ಲ, ಪ್ರಯಾಣಿಕರಿಗೆ ಮೊದಲೇ ಏಕೆ ತಿಳಿಸಲಿಲ್ಲ ಎಂದು ಎರ್ನಾಕುಲಂ ಜಿಲ್ಲಾ ಗ್ರಾಹಕ ಆಯೋಗ ಕೇಳಿತು. 2023ರಲ್ಲಿ ಪರಿಹಾರವಾಗಿ 50,000, ದಾವೆ ಖರ್ಚಿಗೆ 10,000, ಒಟ್ಟು 60,000 ರೂಪಾಯಿ ಕೊಡಲು ಆದೇಶಿಸಿತು.

ನಮ್ಮೂರಲ್ಲೂ ಯಾರ್ಡ್ ಕಾಮಗಾರಿ, ಜೋಡಿ ಹಳಿ ಕಾಮಗಾರಿ ಎಂಬ ಮಾತು ವರ್ಷಗಟ್ಟಲೆ ಕೇಳಿದ್ದೇವೆ. ಹುಬ್ಬಳ್ಳಿ ಯಾರ್ಡನ್ನು ಹೊಸದಾಗಿ ಕಟ್ಟಿದಾಗಲೇ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಆಯಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಅದು ಜಗತ್ತಿನಲ್ಲೇ ಉದ್ದನೆಯದೆಂದು ಹೆಸರಾಗಿದೆ. ಸಂತೋಷದ ವಿಷಯವೇ. ಆದರೆ ಕಾಮಗಾರಿ ಎಂಬ ಒಂದೇ ಮಾತಿನಿಂದ ಹೊಣೆ ಕಳೆಯುವುದಿಲ್ಲ, ಮೊದಲೇ ಸರಿಯಾಗಿ ತಿಳಿಸಿದ್ದರೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಯಾವಾಗ ಸಿಗುವುದಿಲ್ಲ?

ಎಲ್ಲ ತಡಕ್ಕೂ ಪರಿಹಾರ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಗುಡ್ಡ ಕುಸಿತ, ನೆರೆಯಂಥ ಕೈಮೀರಿದ ಕಾರಣವನ್ನು ರೈಲ್ವೆ ತೋರಿಸಿಕೊಟ್ಟರೆ ಟಿಕೆಟ್ ಹಣ ಬರಬಹುದು, ನಷ್ಟದ ಪರಿಹಾರ ಕಷ್ಟ. ಗಾಡಿ ಒಂದು ಗಂಟೆ ತಡವಾಗಿ ಬೇಸರವಾಯಿತು ಎಂಬಷ್ಟಕ್ಕೆ ಆಯೋಗದ ಮೆಟ್ಟಿಲು ಹತ್ತಿ ಫಲವಿಲ್ಲ. ನಿಮಗೆ ನಿಜವಾದ ನಷ್ಟ ಆಗಿರಬೇಕು, ಅದು ಗಾಡಿ ತಡವಾದ್ದರಿಂದಲೇ ಆಗಿರಬೇಕು.

ನೀವೂ ಪ್ರಯಾಣವನ್ನು ವಿವೇಕದಿಂದ ಯೋಜಿಸಿರಬೇಕು. ಜಮ್ಮು ಪ್ರಕರಣದ ಕುಟುಂಬ ರೈಲಿಗೂ ವಿಮಾನಕ್ಕೂ ನಡುವೆ ಹೆಚ್ಚುಕಡಿಮೆ ನಾಲ್ಕು ಗಂಟೆ ಬಿಟ್ಟುಕೊಂಡಿತ್ತು. ಗಾಡಿ ಮುಟ್ಟುವ ಹೊತ್ತಿಗೂ ವಿಮಾನಕ್ಕೂ ಒಂದೇ ಗಂಟೆ ಅಂತರವಿಟ್ಟುಕೊಂಡು ಹೊರಟವರ ಮಾತಿಗೆ ಅಷ್ಟು ತೂಕ ಬರುವುದಿಲ್ಲ. ಹಜ್, ಉಮ್ರಾ ಯಾತ್ರಿಕರಾದರೆ ಒಂದು ದಿನ ಮೊದಲೇ ಬೆಂಗಳೂರು ಮುಟ್ಟುವುದು ಲೇಸು. ಪರಿಹಾರದ ಹಣ ಬಂದರೂ ತಪ್ಪಿದ ವಿಮಾನ ಮರಳಿ ಬಾರದು.

ಗಾಡಿಯಲ್ಲಿ ಒಡವೆ, ಹಣ ಕಳುವಾದರೆ? 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಪ್ರಯಾಣಿಕರು ತಮ್ಮ ಬಳಿ ಇಟ್ಟುಕೊಂಡ ಹಣ ಕಳುವಾದದ್ದನ್ನು ರೈಲ್ವೆಯ ಸೇವಾಲೋಪ ಎನ್ನಲಾಗದು ಎಂದಿದೆ. ಮದುವೆಗೆ ಹೋಗುವಾಗ ಚಿನ್ನವನ್ನು ಸೂಟ್‌ಕೇಸಿನಲ್ಲಿಟ್ಟು ಸೀಟಿನ ಕೆಳಗೆ ತಳ್ಳುವ ಸೋದರಿಯರು ಇದನ್ನು ನೆನಪಿಡಬೇಕು.

ಕಾಗದವೇ ಸಾಕ್ಷಿ

ಪರಿಹಾರ ಕೇಳುವವರ ಕೈಯಲ್ಲಿ ಕಾಗದ ಇರಬೇಕು. ಗಾಡಿ ತಡವಾಗಿದೆ ಎಂದು ಗೊತ್ತಾದ ಕ್ಷಣದಿಂದಲೇ ಇವನ್ನು ಕೂಡಿಡಿ:

1. ಟಿಕೆಟ್. ಪ್ರಯಾಣ ಮುಗಿದರೂ ಎಸೆಯಬೇಡಿ, ಎಸ್‌ಎಂಎಸ್ ಅಳಿಸಬೇಡಿ.

2. ನಿಲ್ದಾಣದ ಫಲಕದ ಫೋಟೋ ಮತ್ತು ಗಾಡಿ ಎಲ್ಲಿದೆ, ಎಷ್ಟು ತಡ ಎಂದು ತೋರಿಸುವ ಮೊಬೈಲ್ ಪರದೆಯ ಫೋಟೋ.

3. ರೈಲ್ ಮದದ್ ದೂರಿನ ಸಂಖ್ಯೆ. 139ಕ್ಕೆ ಕರೆ ಮಾಡಿ ಅಥವಾ ರೈಲ್ ಮದದ್ ಆ್ಯಪ್‌ನಲ್ಲಿ ಗಾಡಿಯಲ್ಲಿ ಕುಳಿತೇ ದೂರು ಕೊಡಬಹುದು. ದೂರಿನಿಂದ ಗಾಡಿ ಬೇಗ ಬರದಿರಬಹುದು, ಆದರೆ ಅಂದು ಆ ಹೊತ್ತಿಗೆ ನೀವು ಕೇಳಿದ್ದೀರಿ ಎಂಬುದಕ್ಕೆ ದಾಖಲೆ ಆಗುತ್ತದೆ.

4. ನಷ್ಟದ ಪುರಾವೆ: ತಪ್ಪಿದ ವಿಮಾನದ ಟಿಕೆಟ್, ಪರೀಕ್ಷೆಯ ಪ್ರವೇಶ ಪತ್ರ, ಆಸ್ಪತ್ರೆಯ ಚೀಟಿ, ಹೋಟೆಲ್ ಬಿಲ್ಲು.

5. ಖರ್ಚಿನ ರಸೀದಿ. ಟ್ಯಾಕ್ಸಿಯವರಿಂದ ದಿನಾಂಕ, ವಾಹನದ ನಂಬರ್, ಮೊತ್ತ ಬರೆಸಿಕೊಳ್ಳಿ. ಹಣವನ್ನು ಫೋನ್‌ನಿಂದ ಕೊಟ್ಟರೆ ಅದೂ ದಾಖಲೆಯೇ.

ತಡಕ್ಕೆ ಕಾರಣವೇನು ಎಂದು ರೈಲ್ವೆಯಿಂದಲೇ ಬರೆಸಿಕೊಳ್ಳಲು ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ. ಗಾಡಿಯ ನಂಬರ್, ದಿನಾಂಕ ಬರೆದು, ಮುಟ್ಟಿದ ನಿಜವಾದ ವೇಳೆ ಮತ್ತು ತಡದ ಕಾರಣ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು.

ಮೊದಲು ಪತ್ರ, ನಂತರ ದೂರು

ನಮ್ಮ ಅವಳಿ ನಗರದವರಿಗೆ ಒಂದು ವಿಶೇಷ ಅನುಕೂಲವಿದೆ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಬೇರೆ ಊರಿನವರು ಅಂಚೆಯಲ್ಲಿ ಕಳುಹಿಸುವ ಪತ್ರವನ್ನು ನಾವು ಗದಗ ರಸ್ತೆಯ ರೈಲ್ ಸೌಧಕ್ಕೆ ಹೋಗಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬರಬಹುದು. ಪತ್ರ ಹೀಗಿರಲಿ:

'ಗೆ, ಪ್ರಧಾನ ವ್ಯವಸ್ಥಾಪಕರು, ನೈಋತ್ಯ ರೈಲ್ವೆ, ರೈಲ್ ಸೌಧ, ಗದಗ ರಸ್ತೆ, ಹುಬ್ಬಳ್ಳಿ.

ಮಾನ್ಯರೇ, ನಾನು ಇಂಥ ದಿನಾಂಕದಂದು ಇಂಥ ನಂಬರಿನ ಗಾಡಿಯಲ್ಲಿ ಹುಬ್ಬಳ್ಳಿಯಿಂದ ಇಂಥ ಊರಿಗೆ ಪ್ರಯಾಣ ಮಾಡಿದೆ. ಪಿಎನ್‌ಆರ್ ಸಂಖ್ಯೆ ಇಷ್ಟು. ಗಾಡಿ ಇಷ್ಟು ಗಂಟೆಗೆ ಮುಟ್ಟಬೇಕಿದ್ದು ಇಷ್ಟು ಗಂಟೆಗೆ ಮುಟ್ಟಿತು. ತಡವಾಗುವ ಬಗ್ಗೆ ನನಗೆ ಮೊದಲೇ ಯಾವ ಸೂಚನೆಯೂ ಬಂದಿರಲಿಲ್ಲ. ಇದರಿಂದ ನನಗೆ ಈ ಕೆಳಗಿನ ನಷ್ಟವಾಗಿದೆ. ರಸೀದಿಗಳ ಪ್ರತಿ ಲಗತ್ತಿಸಿದ್ದೇನೆ. ತಡಕ್ಕೆ ಕಾರಣ ತಿಳಿಸಿ, 30 ದಿನಗಳೊಳಗೆ ಈ ಮೊತ್ತವನ್ನು ಪಾವತಿಸಬೇಕು. ಇಲ್ಲವಾದರೆ ಗ್ರಾಹಕ ಆಯೋಗಕ್ಕೆ ಹೋಗಬೇಕಾಗುತ್ತದೆ.'

ಇಷ್ಟೇ. ಸಿಟ್ಟಿನ ಮಾತು, ಉದ್ದನೆಯ ಕತೆ ಬೇಡ. ಮೂಲ ಕಾಗದಗಳನ್ನು ಕೊಟ್ಟುಬಿಡಬೇಡಿ, ಪ್ರತಿ ಮಾತ್ರ ಕೊಡಿ.

ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ ಇದೆ. ಗ್ರಾಹಕ ರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಘಟನೆ ನಡೆದು ಎರಡು ವರ್ಷದೊಳಗೆ ಕೊಡಬೇಕು. ಕೊಂಡ ಸೇವೆಗೆ ನೀವು ತೆತ್ತ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೇ ಇಲ್ಲ. ರೈಲು ಟಿಕೆಟ್ ಅಷ್ಟಾಗುವುದುಂಟೇ! ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಮನೆಯಲ್ಲಿ ಕುಳಿತೂ ದೂರು ಸಲ್ಲಿಸಬಹುದು. ಸಂದೇಹ ಇದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ.

ಒಂದು ಎಚ್ಚರಿಕೆ. ಟಿಕೆಟ್ ಹಣ ವಾಪಸ್ ಕೊಡದ ವಿವಾದವನ್ನು ನೋಡುವುದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್, ಗ್ರಾಹಕ ಆಯೋಗವಲ್ಲ. ಅದರ ಪೀಠ ಬೆಂಗಳೂರಿನಲ್ಲಿದೆ. ತಡದಿಂದಾದ ನಷ್ಟಕ್ಕೆ ಗ್ರಾಹಕ ಆಯೋಗ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ರೈಲ್ವೆಯವರು ಅದನ್ನೇ ಹಿಡಿದು ಅಡ್ಡ ಹಾಕುತ್ತಾರೆ.

ಸಮಯ ಎಷ್ಟು ಹಿಡಿಯುತ್ತದೆ? ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಮೇಲೆ ಹೇಳಿದ ಎರಡೂ ಪ್ರಕರಣಗಳಲ್ಲಿ ಪ್ರಯಾಣದಿಂದ ಕೊನೆಯ ತೀರ್ಪಿಗೆ ಐದು ವರ್ಷ ಹಿಡಿದಿದೆ. ಇದನ್ನು ತಿಳಿದೇ ಹೆಜ್ಜೆ ಇಡಿ. ನಷ್ಟ ಐದುನೂರು ರೂಪಾಯಿಯಾದರೆ ಪತ್ರಕ್ಕೆ ನಿಲ್ಲಿಸಬಹುದು. ಹದಿನೈದು-ಇಪ್ಪತ್ತು ಸಾವಿರವಾದರೆ ಬಿಡುವುದೇಕೆ?

"ಟಿಕೆಟ್ ಮಾಡಿಸಿದ್ದು ಅವರು, ನಾನು ಕೇಳಬಹುದೇ?"

ಬಹಳ ಸೋದರಿಯರ ಸಂದೇಹ ಇದು. ಹಣ ಕೊಟ್ಟವರು ಗಂಡ ಅಥವಾ ತಂದೆ, ಪ್ರಯಾಣ ಮಾಡಿದವರು ನೀವು. ಕಾನೂನಿನ ದೃಷ್ಟಿಯಲ್ಲಿ ನೀವೂ ಗ್ರಾಹಕರೇ. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆಯನ್ನು ಪಡೆದವರು ಕೂಡ ಗ್ರಾಹಕರೆಂದು ಕಾಯ್ದೆಯಲ್ಲೇ ಬರೆದಿದೆ. ಯಜಮಾನರು ದುಬೈಯಲ್ಲೋ ರಿಯಾದ್‌ನಲ್ಲೋ ಇದ್ದರೆ ಅವರು ಬರುವವರೆಗೆ ಕಾಯಬೇಕಿಲ್ಲ. ನಿಮ್ಮ ಹೆಸರಿನಲ್ಲೇ, ನಿಮ್ಮ ಸಹಿಯಲ್ಲೇ ದೂರು ಕೊಡಬಹುದು.

ವಕೀಲರ ಸಹಾಯ ಬೇಕೆನಿಸಿದರೂ ಹಣದ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಅಪಘಾತವಾದರೆ

ದೇವರು ಯಾರಿಗೂ ಆ ದಿನ ತೋರದಿರಲಿ. ಆದರೂ ತಿಳಿದಿರಬೇಕು. 2012ರ ಮೇ 22ರಂದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಆಂಧ್ರದ ಪೆನುಕೊಂಡದಲ್ಲಿ ನಿಂತಿದ್ದ ಸರಕು ಗಾಡಿಗೆ ಡಿಕ್ಕಿ ಹೊಡೆದದ್ದನ್ನು ಈ ಭಾಗದವರು ಮರೆತಿಲ್ಲ. ಇಂಥ ಹೊತ್ತಿನಲ್ಲಿ ಸ್ಥಳದಲ್ಲೇ ಘೋಷಿಸುವ ಹಣ ತಕ್ಷಣದ ನೆರವು ಮಾತ್ರ. ಕಾನೂನಿನ ಪರಿಹಾರ ಬೇರೆ, ಅದನ್ನು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ ಒಂದು ವರ್ಷದೊಳಗೆ ಕೇಳಬೇಕು. 2017ರ ಜನವರಿ 1ರಿಂದ ಸಾವಿಗೆ ಈ ಪರಿಹಾರ 8 ಲಕ್ಷ ರೂಪಾಯಿ. ಚಲಿಸುವ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದವರಿಗೂ ಇದು ಅನ್ವಯಿಸುತ್ತದೆ. ಮೃತರ ಬಳಿ ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಲಾಗದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇ-ಟಿಕೆಟ್ ಮಾಡಿಸುವಾಗ ಒಂದು ರೂಪಾಯಿಗಿಂತ ಕಡಿಮೆ ಬೆಲೆಗೆ ಸಿಗುವ ಪ್ರಯಾಣ ವಿಮೆಯ ಗುರುತನ್ನು ಒತ್ತಿ, ವಾರಸುದಾರರ ಹೆಸರು ತುಂಬುವುದನ್ನು ಮರೆಯಬೇಡಿ.

ಕೊನೆಯದಾಗಿ

ಇಷ್ಟೆಲ್ಲ ಓದಿ ನೆನಪಿಡುವುದು ಕಷ್ಟ ಎನಿಸಿದರೆ ನಾಲ್ಕು ಮಾತು ಸಾಕು. ಮೂರು ಗಂಟೆ ಮೀರಿ ತಡವಾಗಿ ಪ್ರಯಾಣ ಬೇಡವೆನಿಸಿದರೆ ಗಾಡಿ ಹೊರಡುವ ಮುನ್ನ ಹಣ ಕೇಳಿ. ರದ್ದಾದರೆ ಕೌಂಟರ್ ಟಿಕೆಟಿಗೆ ಮೂರು ದಿನ. ನಷ್ಟವಾದರೆ ಕಾಗದ ಕೂಡಿಟ್ಟು ಎರಡು ವರ್ಷದೊಳಗೆ ಆಯೋಗಕ್ಕೆ. ಅಪಘಾತವಾದರೆ ಒಂದು ವರ್ಷದೊಳಗೆ ಟ್ರಿಬ್ಯೂನಲ್‌ಗೆ. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು, ರೇಷನ್ ಕಾರ್ಡು, ಆಧಾರ್ ಇಡುವ ಡಬ್ಬಿಯಲ್ಲೇ ಇಟ್ಟುಬಿಡಿ. ಪಕ್ಕದ ಮನೆಯ ಆಪಾಗೂ ಹೇಳಿ. ಮುಂದಿನ ಬಾರಿ ಫಲಕದಲ್ಲಿ 'ತಡ' ಎಂದು ಕಂಡಾಗ ಮೊದಲು ಗಡಿಯಾರ ನೋಡಿ, ಆಮೇಲೆ ಕೌಂಟರಿನ ಕಡೆ ನಡೆಯಿರಿ.